ಅಗಸಿ ಉಳೀತು, ವಾಡೆ ಹೋತು: ಒಂದು ಪುರಸಭೆ ಇತಿಹಾಸ ಸಮಿತಿಯ ಪ್ರಕರಣ

ಇದು ಬಾಗಲಕೋಟಿ ಜಿಲ್ಲಾದಾಗಿನ ಒಂದು ಪುರಸಭೆ ಊರಿನ ಪ್ರಕರಣ. ಊರಿನ ಹೆಸರು ಬರ್ಯಾಂಗಿಲ್ಲ, ಮನಿತನದ ಹೆಸರೂ ಇಲ್ಲ, ಗುರುತು ಹತ್ತಬಾರ್ದು ಅಂತ ಒಂದೆರಡು ವಿವರ ಬದಲ ಮಾಡೀನಿ, ಯಾಕಂದ್ರ ಇದರಾಗ ಬರೋ ಮಂದಿ ಇನ್ನೂ ಅಲ್ಲೇ ಅದಾರ, ಒಂದು ವಾಟ್ನಿ (ಆಸ್ತಿ ಪಾಲಿನ) ಕೇಸು ಇನ್ನೂ ಕೋರ್ಟಿನಾಗ ನಡದೈತಿ. ನಾನು ಸಮಿತಿ ಸದಸ್ಯ ಅಲ್ಲ. ಸಭೆಗೆ ಕೂತು ನಡಾವಳಿ ಬರದು ಕೊಡೋ ಕೆಲಸ ನನ್ನ ಪಾಲಿಗೆ ಬಂದಿತ್ತು, ಹಂಗಾಗಿ ಯಾರು ಯಾವಾಗ ಏನಂದ್ರು ಅನ್ನೋದು ನನ್ನ ನೋಟ್‌ಬುಕ್ಕಿನಾಗ ಐತಿ. ನಮ್ಮೂರಾಗೂ ಹಿಂತಾದ್ದೊಂದು ಸಮಿತಿ ಮಾಡಬೇಕು, ಹೆಂಗ ಶುರು ಮಾಡೋದು ಅಂತ ಬ್ಯಾರೆ ಊರಾವ್ರು ಕೇಳಾಕತ್ತಾರ, ಅವ್ರ ಸಲುವಾಗಿ ಇದನ್ನ ಬರ್ಯಾಕತ್ತೀನಿ.

ಹಿನ್ನೆಲೆ

ನಮ್ಮ ಜಿಲ್ಲಾದಾಗ ಇತಿಹಾಸ ಅಂದ ಕೂಡ್ಲೆ ಎಲ್ಲಾರ ಕಣ್ಣು ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಕಡೆ ಹೋಗ್ತಾವ. ಹೋಗಬೇಕಾದದ್ದ. ಬಾದಾಮಿ ಮೂರನೇ ಗುಹಾದಾಗ 578 ರ ಮಂಗಳೇಶನ ಶಾಸನ ಐತಿ, ಐಹೊಳೆ ಮೇಗುತಿ ಗುಡಿ ಗ್ವಾಡಿ ಮ್ಯಾಲ 634 ರ ರವಿಕೀರ್ತಿ ಶಾಸನ ಐತಿ, ಪಟ್ಟದಕಲ್ಲು 1987 ರಿಂದ ವಿಶ್ವ ಪರಂಪರೆ ಪಟ್ಟಿಯೊಳಗ ಐತಿ. ಇವಕ್ಕ ಕೇಂದ್ರ ಪುರಾತತ್ವ ಇಲಾಖೆ ಐತಿ, 1958 ರ ಕಾಯ್ದೆ ಐತಿ, 2010 ರಾಗ ಆ ಕಾಯ್ದೆ ತಿದ್ದುಪಡಿ ಆದ ಮ್ಯಾಲ ಸ್ಮಾರಕದಿಂದ 100 ಮೀಟರ್ ಒಳಗ ಹೊಸಾ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಪರವಾನಿಗಿ ಇಲ್ಲದ ಕಟ್ಟಂಗಿಲ್ಲ. ಅದರ ಕೆಳಗ ರಾಜ್ಯದ್ದು 1961 ರ ಕಾಯ್ದೆ, ರಾಜ್ಯ ಪುರಾತತ್ವ ಇಲಾಖೆ. ಅದರ ಕೆಳಗ? ಊರ ಅಗಸಿ (ಊರಬಾಗಿಲು), ಸಾವಕಾರ್ರ ವಾಡೆ (ದೊಡ್ಡ ಹಳೇ ಮನಿ), ಕಾಳು ಇಡತಿದ್ದ ಹಗೇವು, ನೇಕಾರ ಓಣಿ ಬಾವಿ, ಪುರಸಭೆಯ ಹಳೇ ದಫ್ತರ, ಇವು ಯಾರ ಪಟ್ಟಿಯೊಳಗೂ ಬರಂಗಿಲ್ಲ. ಅಲ್ಲಿ ಏನಾರ ಮಾಡಬೇಕಾದಾಂವ ಊರಿನ ಸ್ಥಳೀಯ ಸಂಸ್ಥೆನ. ಸಂವಿಧಾನದ 74 ನೇ ತಿದ್ದುಪಡಿ 12 ನೇ ಶೆಡ್ಯೂಲಿನಾಗ ನಗರ ಸಂಸ್ಥೆಗಳಿಗೆ ಅಂತ 18 ವಿಷಯ ಬರದದ, ಅದರಾಗ 13 ನೇದು ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳನ್ನ ಬೆಳಸೋದು. ಎಲ್ಲಾ ಪುರಸಭೆಗೂ ಅದು ಗೊತ್ತು, ದಸರಾಕ್ಕೊಂದು ಆರ್ಕೆಸ್ಟ್ರಾ ಇಟ್ರ 13 ನೇದು ಮುಗೀತು.

ಈ ಊರಿಗೆ ಇನ್ನೊಂದು ಸಂಕಟ ಐತಿ, ಅದನ್ನ ಹೇಳದ ಮುಂದಿನದು ತಿಳಿಯಂಗಿಲ್ಲ. ಊರಿನ ಒಂದು ಭಾಗ ಹಿನ್ನೀರಿಗೆ ಹೋಗೇತಿ. ಆಲಮಟ್ಟಿಗೆ 1964 ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವ್ರು ಅಡಿಗಲ್ಲು ಹಾಕಿದ್ರು, ನೀರು ನಿಂತದ್ದು ಭಾಳ ವರ್ಷದ ಮ್ಯಾಲ. ಈಗ 519.6 ಮೀಟರ್‌ವರೆಗೆ ನಿಲ್ತೈತಿ, 2010 ರಾಗ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಕ್ಕ ಎತ್ತರಿಸಬೋದು ಅಂತ ಹೇಳಿದ ಮ್ಯಾಲ ಹೊಳಿ ದಂಡಿ ಊರುಗಳಾಗ '524' ಅಂದ್ರ ಸಾಕು, ಸಣ್ಣ ಹುಡುಗ್ರಿಗೂ ತಿಳೀತೈತಿ. ಹಳೇ ಬಾಗಲಕೋಟಿ ಮಂದಿ ನವನಗರಕ್ಕ ಹೋದ್ರು, ನಮ್ಮ ಈ ಊರಿನ ತಗ್ಗಿನ ಓಣಿ ಮಂದಿ ಪುನರ್ವಸತಿ ಕೇಂದ್ರಕ್ಕ ಹೋದ್ರು. ಹೋದಾವ್ರಿಗೆ ಪ್ಲಾಟು ಸಿಕ್ತು, ಹಳೇ ಓಣಿ ಹೆಂಗಿತ್ತು ಅನ್ನೋದನ್ನ ಯಾರೂ ಬರದು ಇಡ್ಲಿಲ್ಲ.

ಸಮಿತಿ ಹುಟ್ಟಿದ್ದು

ಇತಿಹಾಸದ ಮ್ಯಾಲಿನ ಪ್ರೀತಿಗೆ ಸಮಿತಿ ಆತು ಅಂದ್ರ ಸುಳ್ಳು. ಬಸ್ ಸ್ಟ್ಯಾಂಡ್ ಮುಂದಿನ ಸರ್ಕಲ್ಲಿಗೆ ಯಾರ ಹೆಸರು ಇಡಬೇಕು ಅಂತ ಎರಡು ಗುಂಪು ಜಗಳಕ್ಕ ನಿಂತ್ವು, ಎರಡೂ ಕಡೆ ಬೋರ್ಡ್ ರೆಡಿ, ಒಂದು ರಾತ್ರಿ ಒಂದು ಬೋರ್ಡ್ ನಿಂತು ಬೆಳಗಾಗೋದ್ರಾಗ ಮಾಯ ಆತು. ಮುಖ್ಯಾಧಿಕಾರಿಗೆ ತಲಿಬ್ಯಾನಿ. ಅವ್ರು ಪುರಸಭೆ ಸಾಮಾನ್ಯ ಸಭೆಯೊಳಗ, ಊರಿನ ಇತಿಹಾಸ ಅಭ್ಯಾಸ ಮಾಡಿ ಹೆಸರಿನ ಬಗ್ಗೆ ವರದಿ ಕೊಡಾಕ ಒಂದು ಸಲಹಾ ಸಮಿತಿ ಇರ್ಲಿ ಅಂತ ಒಂದು ಠರಾವು (ನಿರ್ಣಯ) ಮಾಡಿಸಿದ್ರು. ಜಗಳ ಮುಂದೂಡಾಕ ಮಾಡಿದ ಯುಕ್ತಿ ಅದು. ಸರ್ಕಲ್ಲಿನ ಹೆಸರು ಇವತ್ತಿಗೂ ತೀರ್ಮಾನ ಆಗಿಲ್ಲ, ಮಂದಿ ಅದನ್ನ ಹಳೇ ಪೆಟ್ರೋಲ್ ಬಂಕ್ ಸರ್ಕಲ್ ಅಂತಾರ.

ಸಮಿತಿಯೊಳಗ ಪುರಸಭೆ ಉಪಾಧ್ಯಕ್ಷರು, ಕಟ್ಟಡ ವಿಭಾಗದ ಜೂನಿಯರ್ ಎಂಜಿನಿಯರ್ (ಜೆಇ), ರಿಟೈರ್ಡ್ ಕನ್ನಡ ಮಾಸ್ತರು, ಡಿಗ್ರಿ ಕಾಲೇಜಿನ ಇತಿಹಾಸ ಲೆಕ್ಚರರು, ನೇಕಾರ ಓಣಿಯ ಒಬ್ಬ ಹೆಣ್ಣಮಗಳು, ಪೇಟಿ ವ್ಯಾಪಾರಸ್ಥರೊಬ್ರು ಇದ್ರು. ಮತ್ತ ಯಾರೋ ಬಿಟ್ಟಿದ್ದ ಜಾಗಕ್ಕ ಒಬ್ಬ ಪಿಗ್ಮಿ ಕಲೆಕ್ಟರು ಬಂದ್ರು. ಪಿಗ್ಮಿಯಾವ್ರನ್ನ ಯಾಕ ಹಾಕ್ಯಾರ ಅಂತ ಮೊದಲ ದಿನ ಎಲ್ಲಾರೂ ನಕ್ಕಿದ್ರು. ಆಮ್ಯಾಲ ಗೊತ್ತಾತು, ಊರಿನ ಎಲ್ಲಾ ಮನಿಯೊಳಗ ಪಡಸಾಲಿವರೆಗೆ ದಿನಾ ಹೋಗೋ ಒಬ್ಬನ ಮನಷ್ಯ ಅಂವ. ಸಮಿತಿ ಮಾಡಾವ್ರಿಗೆ ನಾನು ಮೊದಲ ಹೇಳೋ ಮಾತು ಇದ, ಪಂಡಿತರು ಇರ್ಲಿ ಆದ್ರ ಬಾಗಿಲು ತೆಗಸೋ ಮನಷ್ಯ ಒಬ್ಬ ಇರಬೇಕು.

ಸಮಿತಿಗೆ ಅಧಿಕಾರ ಅಂತ ಏನೂ ಇರ್ಲಿಲ್ಲ. ಸಲಹೆ ಕೊಡಬೋದು, ಅಷ್ಟ. ಮುಂಬೈದಾಗ 1995 ರಿಂದ ಪಾರಂಪರಿಕ ಕಟ್ಟಡಗಳ ನಿಯಮ ಅದಾವ, ಗ್ರೇಡ್ ಒಂದು, ಎರಡು, ಮೂರು ಅಂತ ಪಟ್ಟಿ ಐತಿ, ಪಟ್ಟಿಯೊಳಗಿನ ಕಟ್ಟಡ ಮುಟ್ಟಬೇಕಾದ್ರ ಅಲ್ಲಿನ ಸಮಿತಿ ಕೇಳಬೇಕು. ನ್ಯೂಯಾರ್ಕಿನಾಗ ಪೆನ್ ಸ್ಟೇಷನ್ ಅನ್ನೋ ದೊಡ್ಡ ರೈಲು ನಿಲ್ದಾಣ 1963 ರಾಗ ಕೆಡವಾಕ ಶುರು ಮಾಡಿದ್ದಕ್ಕ ಮಂದಿ ಸಿಟ್ಟಾಗಿ 1965 ರಾಗ ಅಲ್ಲಿನ ಸಿಟಿ ಕಮಿಷನ್ನಿಗೆ ಕೆಡವೋದನ್ನ ತಡಿಯೋ ಅಧಿಕಾರ ಬಂತು. ಲೆಕ್ಚರರು ಇದನ್ನೆಲ್ಲಾ ಓದಿಕೊಂಡು ಬಂದು ಹೇಳಿದ್ರು. ಉಪಾಧ್ಯಕ್ಷರು ಪೂರಾ ಕೇಳಿಸ್ಕೊಂಡು "ಸರ್ರ, ಅದು ನ್ಯೂಯಾರ್ಕ್ ಆತ್ರಿ, ನಮಗ ಚಾದ ಬಿಲ್ ಪಾಸ್ ಮಾಡೋದ ಕಷ್ಟ ಐತಿ" ಅಂದ್ರು.

ಮೊದಲ ಪ್ರಯತ್ನ, ಮ್ಯೂಸಿಯಂ

ಎಲ್ಲಾ ಸಮಿತಿಗಳೂ ಮೊದಲ ಮ್ಯೂಸಿಯಂ ಕನಸ ಕಾಣ್ತಾವ, ಇದೂ ಕಂಡ್ತು. ಪುರಸಭೆ ಹಳೇ ಕಟ್ಟಡದಾಗ ಒಂದು ಖೋಲಿ ಖಾಲಿ ಮಾಡಿಸಿ ಊರಿಗೆಲ್ಲಾ ಡಂಗುರ ಹೊಡಿಸಿದ್ರು, ಹಳೇ ವಸ್ತು ತಂದು ಕೊಡ್ರಿ ಅಂತ. ಬಂದದ್ದೇನು, ತಳ ತೂತಾದ ಹಂಡೆ, ತುಕ್ಕು ಹಿಡಿದ ಖಡ್ಗ, ಒಂದು ಗ್ರಾಮಫೋನಿನ ಕೊಳವಿ. ಖರೇ ಬೆಲೆ ಇರೋದನ್ನ ಯಾರೂ ಕೊಡ್ಲಿಲ್ಲ, ಕೊಡಬೇಕಾದ್ರೂ ಯಾಕ ಕೊಡ್ತಾರ, ಪುರಸಭೆಯೊಳಗ ಇಟ್ಟ ಸೀಲಿಂಗ್ ಫ್ಯಾನೇ ಉಳಿಯಂಗಿಲ್ಲ ಅನ್ನೋದು ಊರಿಗೆ ಗೊತ್ತು. ಅಷ್ಟ್ರಾಗ ಚುನಾವಣೆ ಬಂತು, ಖೋಲಿಯೊಳಗ ಎಲೆಕ್ಷನ್ ಸಾಮಾನು ತುಂಬಿದ್ರು, ಮ್ಯೂಸಿಯಂ ಅಲ್ಲಿಗೆ ಮುಗೀತು.

ಆ ಖೋಲಿ ಖಾಲಿ ಮಾಡಿಸಿದ್ರಿಂದ ಆದ ಒಂದು ಲಾಭ ಮಾತ್ರ ಯಾರೂ ಎಣಿಸಿರದದ್ದು. ಒಳಗ ಕೆಂಪು ವಸ್ತ್ರದಾಗ ಕಟ್ಟಿಟ್ಟ ದಫ್ತರಗಳಿದ್ವು. ಅವನ್ನ ರದ್ದಿಗೆ ಹಾಕಾಕ ತೂಕದ ಕಾಟಾನೂ ಬಂದಿತ್ತು. ಕನ್ನಡ ಮಾಸ್ತರು ಒಂದು ಗಂಟು ಬಿಚ್ಚಿ ನೋಡಿದ್ರ ಹಳೇ ಠರಾವು ಪುಸ್ತಕ, ಮನಿಪಟ್ಟಿ ರಜಿಸ್ಟರ್, ಜನನ ಮರಣದ ದಾಖಲೆ. ಈ ಭಾಗ 1956 ನವೆಂಬರ್ 1 ರವರೆಗೆ ಮುಂಬೈ ರಾಜ್ಯದಾಗ ಇದ್ದದ್ದಲ್ಲಾ, ಹಂಗಾಗಿ ಕೆಲವು ಕಾಗದ ಮರಾಠಿ, ಅದೂ ಮೋಡಿ ಅನ್ನೋ ಹಳೇ ಕೂಡುಬರಹದ ಲಿಪಿಯೊಳಗ, ಕೆಲವು ಇಂಗ್ಲಿಷ್, ಉಳಿದದ್ದು ಕನ್ನಡ. ಮಾಸ್ತರು ಆ ಗಂಟಿನ ಮ್ಯಾಲ ಕೂತು ಬಿಟ್ರು, "ನನ್ನ ತೂಕ ಮಾಡಿ ಆಮ್ಯಾಲ ಇದನ್ನ ಒಯ್ರಿ" ಅಂತ. ರದ್ದಿಯಾಂವ ನಕ್ಕೋತ ಹೋದ. ಯಾವ ದಾಖಲೆ ಕಾಯಂ ಇಡಬೇಕು, ಯಾವುದನ್ನ ಮುದತ್ತು ಮುಗಿದ ಮ್ಯಾಲ ನಾಶ ಮಾಡಬೋದು ಅನ್ನೋದಕ್ಕ ಸರ್ಕಾರದಾಗ ವರ್ಗ ಅದಾವ, ಠರಾವು ಪುಸ್ತಕ ಕಾಯಂ ವರ್ಗದ್ದು, ಅದನ್ನ ರದ್ದಿಗೆ ಹಾಕಿದ್ರ ಕೈಗೆ ಬರ್ತೈತಿ ಅಂತ ಹೇಳಿದ ಮ್ಯಾಲ ಮುಖ್ಯಾಧಿಕಾರಿಯವ್ರ ಅವಕ್ಕ ಒಂದು ಕಬ್ಬಿಣದ ಕಪಾಟು ಕೊಡಿಸಿದ್ರು.

ಎರಡನೇದು, ಮನಿ ಪಟ್ಟಿ ಮಾಡೋದು

ಮುಂದ ಹಳೇ ಮನಿಗಳ ಪಟ್ಟಿ ಮಾಡೂಣು ಅಂತ ಆತು. ಕಾಲೇಜ್ ಹುಡುಗ್ರು ಟೇಪ್ ಹಿಡಕೊಂಡು, ಫಾರ್ಮ್ ಹಿಡಕೊಂಡು ಓಣಿಗೆ ಇಳದ್ರು. ಎರಡನೇ ಓಣಿಯೊಳಗ ಎಲ್ಲಾ ಬಾಗಿಲೂ ಮುಚ್ಚಿದ್ವು, ಒಬ್ಬಾಕಿ ಅಜ್ಜಿ ಹೊರಗ ಬಂದು ಹುಡುಗ್ರಿಗೆ ಬೈದು ಕಳಿಸಿದ್ಲು. "ಟೇಪ್ ತಂದವ್ರು ಯಾರೂ ಇಲ್ಲಿತನಕ ಚಲೋದ್ದು ಮಾಡಿಲ್ಲ, ಹೋಗ್ರಿ."

ಅಕಿ ಹೇಳಿದ್ದು ಬರೋಬ್ಬರಿ. ಮುಳುಗಡೆ ನೋಡಿದ ಊರಿನಾಗ ಟೇಪ್ ಅಂದ್ರ ಸ್ವಾಧೀನ. ಮೊದಲ ಟೇಪ್, ಆಮ್ಯಾಲ ನಾಲ್ಕೊಂದರ ನೋಟಿಸು (ಹಳೇ ಭೂಸ್ವಾಧೀನ ಕಾಯ್ದೆಯ 4(1) ನೇ ಕಲಮಿನ ಮೊದಲ ನೋಟಿಸು), ಆಮ್ಯಾಲ ಪರಿಹಾರಕ್ಕ ಅಲ್ದಾಟ. 524 ಆದ್ರ ಇನ್ನೆಷ್ಟು ಮನಿ ಹೋಗ್ತಾವ ಅಂತ ಮಂದಿ ದಿನಾ ಅಂಜಿಕೊಂಡ ಇರೋ ಊರು. ಅದರಾಗ ಪುರಸಭೆ ಹೆಸರಿನಾಗ ಹುಡುಗ್ರು ಬಂದು ನಿಮ್ಮ ಮನಿ ಎಷ್ಟು ಹಳೇದು, ಉತಾರ (ಆಸ್ತಿ ದಾಖಲೆ) ಯಾರ ಹೆಸರಿನಾಗ ಐತಿ ಅಂತ ಕೇಳಿದ್ರ ಯಾರು ಒಳಗ ಕರೀತಾರ?

ಇಲ್ಲಿ ಸಮಿತಿಯೊಳಗ ದೊಡ್ಡ ವಾದ ಆತು, ನನ್ನ ನೋಟ್‌ಬುಕ್ಕಿನಾಗ ಭಾಳ ಪುಟ ತಿಂದದ್ದು ಇದ. ಲೆಕ್ಚರರು ಅಂದ್ರು, ಪಟ್ಟಿಯೊಳಗ ಬಂದ ಮನಿ ಕೆಡವಂಗಿಲ್ಲ ಅಂತ ನಿರ್ಬಂಧ ಇಲ್ಲಾಂದ್ರ ಪಟ್ಟಿ ಕಾಗದದ ಪಟ್ಟಿ ಆಗ್ತೈತಿ, ಸರ್ಕಾರಕ್ಕ ಬರದು ಗ್ರೇಡ್ ತರೂಣು. ಪಿಗ್ಮಿಯಾವ್ರು ಅಂದ್ರು, ನಿರ್ಬಂಧ ಅನ್ನೋ ಶಬ್ದ ಹೊರಗ ಬಿದ್ರ ನನ್ನ ಪಿಗ್ಮಿನೂ ಬಂದ್ ಆಗ್ತೈತ್ರಿ, ಮನಿ ಮುಟ್ಟಾಕ ಬಿಡಂಗಿಲ್ಲ ಅನ್ನೋ ಸುದ್ದಿ ಬಂತಂದ್ರ ರಾತ್ರೋರಾತ್ರಿ ಜೆಸಿಬಿ ತರಸ್ತಾರ. ಇಬ್ರ ಮಾತಿನಾಗೂ ಸತ್ಯ ಇತ್ತು. ಕಡೀಕ ನಿರ್ಬಂಧ ಬ್ಯಾಡ ಅಂತ ಆತು. ಅದರ ಜೊತಿಗೆ ಮುಖ್ಯಾಧಿಕಾರಿ ಸಹಿ, ಸಿಕ್ಕಾ ಇದ್ದ ಒಂದು ಪತ್ರ ಮಾಡಿಸಿದ್ರು: ಈ ದಾಖಲಾತಿಯಿಂದ ನಿಮ್ಮ ಮಾಲಕಿ ಹಕ್ಕು ಬದಲಾಗಂಗಿಲ್ಲ, ಪಟ್ಟಿ ಏರಂಗಿಲ್ಲ, ಭೂಸ್ವಾಧೀನಕ್ಕೂ ಇದಕ್ಕೂ ಸಂಬಂಧ ಇಲ್ಲ, ಫೋಟೋದ ಒಂದು ಪ್ರತಿ ನಿಮಗ ಕೊಡ್ತೀವಿ. ಆ ಪತ್ರ ಒಂದೊಂದು ಮನಿಗೂ ಒಂದೊಂದು ಕೊಟ್ರು. ಟೇಪ್ ತೊಗೊಂಡು ಹೋಗೋದು ಬಿಟ್ರು.

ನನಗನಸ್ತೈತಿ ಈ ಊರಿಗೆ ಅದು ಸರಿಯಾದ ತೀರ್ಮಾನ. ಬಾಗಲಕೋಟಿ, ಬೆಳಗಾವಿ ಅಂತಾ ದೊಡ್ಡ ಊರಿಗೆ ಹಂಗ ಹೇಳಾಂಗಿಲ್ಲ, ಅಲ್ಲಿ ಬಿಲ್ಡರ್‌ಗೋಳ ಒತ್ತಡ ಬ್ಯಾರೆ ನಮೂನಿ, ಬರೇ ನಂಬಿಕಿ ಮ್ಯಾಲ ನಿಂತ್ರ ಏನೂ ಉಳಿಯಂಗಿಲ್ಲ.

ಪತ್ರ ಕೈಯಾಗ ಬಂದ ಮ್ಯಾಲ ಬಾಗಿಲು ತೆರದ್ವು. ಮೇಲ್ಮುದ್ದಿ (ಮಣ್ಣಿನ ಮಾಳಿಗಿ) ಮನಿಗಳ ಕಟ್ಟಿಗಿ ಕಂಬ, ತೊಲಿ, ಪಡಸಾಲಿ, ಕುಣಿಮಗ್ಗ ಇದ್ದ ಖೋಲಿ, ಅಂಗಳದಾಗಿನ ಹಗೇವು ಎಲ್ಲಾ ಫೋಟೋಕ್ಕ ಬಂದ್ವು. ಹಗೇವು ನೋಡದಾವ್ರಿಗೆ ಹೇಳ್ತೀನಿ, ಅದು ನೆಲದಾಗ ತೋಡಿದ ಕಣಜ, ಬಾಯಿ ಸಣ್ಣದು, ಹೊಟ್ಟಿ ದೊಡ್ಡದು, ಒಳಗ ಹುಲ್ಲು ಹಾಸಿ ಜ್ವಾಳ ತುಂಬಿ ಬಾಯಿ ಮುಚ್ಚಿ ಮಣ್ಣು ಬಡದ್ರ ವರ್ಷಾನುಗಟ್ಟಲೆ ಕೆಡತಿರ್ಲಿಲ್ಲ. 1876-78 ರ ಬರದಾಗ ಈ ಭಾಗ ಭಾಳ ಸತ್ತೈತಿ, ಆವಾಗ ಜಿಲ್ಲಾ ಕೇಂದ್ರ ಕಲಾದಗಿ. ಅಂತಾ ನಾಡಿನಾಗ ಹಗೇವು ಇದ್ದ ಮನಿ ಅಂದ್ರ ಏನು ಅನ್ನೋದನ್ನ ಹಿರಿಯಾರು ಹೇಳೋವಾಗ ಕಾಲೇಜ್ ಹುಡುಗ್ರು ಮೊಬೈಲ್ ಕೆಳಗಿಟ್ಟು ಕೇಳಿದ್ರು.

ಅಗಸಿ

ಊರಿನ ಅಗಸಿ ಪೇಟಿಗೆ ಹೋಗೋ ದಾರಿ ಮ್ಯಾಲ ಐತಿ. ಕಟ್ಟಿಗಿ ಬಾಗಿಲು ಎಂದೋ ಹೋಗ್ಯಾವ, ಕಲ್ಲಿನ ಕಮಾನು, ಎರಡೂ ಕಡೆ ಕಟ್ಟಿ, ಮ್ಯಾಲ ನಗಾರಿ ಖೋಲಿ ಉಳಿದಿತ್ತು. ಪಕ್ಕದಾಗ ಹನಮಪ್ಪನ ಗುಡಿ. ರಸ್ತಾ ಅಗಲ ಮಾಡೋ ಕಾಮಗಾರಿ ಬಂತು, ಎಸ್ಟಿಮೇಟಿನಾಗ ಅಗಸಿ ತಗಿಯೋದು ಅಂತ ಒಂದು ಸಾಲು. ಕಾರಣ ಕಬ್ಬು. ಸೀಜನ್ ಶುರು ಆತಂದ್ರ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಸಾಲುಗಟ್ಟಿ ಬರ್ತಾವ, ಅಗಸಿ ಕಡೆ ಜಾಮ್ ಆಗ್ತಾವ, ಪೇಟಿ ಪೂರಾ ನಿಂತು ಹೋಗ್ತೈತಿ.

ಸಮಿತಿ ಸಭೆಯೊಳಗ ಲೆಕ್ಚರರು ಪರಂಪರೆ ಬಗ್ಗೆ ಚಲೋ ಮಾತಾಡಿದ್ರು, ಯಾರ ಮನಸೂ ಕದಲಲಿಲ್ಲ. ಜೆಇ ಕೆಟ್ಟ ಮನಷ್ಯ ಅಲ್ಲ, "ಸರ್ರ, ಮ್ಯಾಲಿಂದ ಎಸ್ಟಿಮೇಟ್ ಮಂಜೂರಾಗಿ ಬಂದೈತ್ರಿ, ನಾ ಏನ್ ಮಾಡ್ಲಿ" ಅಂದ್ರು. ವ್ಯಾಪಾರಸ್ಥ ಸದಸ್ಯರು ಕೆಡವ್ರಿ ಅಂತ ಸೀದಾ ಹೇಳಿದ್ರು. ಸಲಹಾ ಸಮಿತಿ ಸಲಹೆ ಕೊಟ್ರ ಯಾರು ಕೇಳ್ತಾರ?

ತಿರುವು ಬಂದದ್ದು ಆ ಕಬ್ಬಿಣದ ಕಪಾಟಿನಿಂದ. ಮಾಸ್ತರು ಠರಾವು ಪುಸ್ತಕ ತಿರುವಿ ಹಾಕೋವಾಗ ಅಗಸಿ ದುರಸ್ತಿ ಅಂತ ಒಂದು ಖರ್ಚು ಸಿಕ್ತು, ರೂಪಾಯಿ, ಆಣೆ, ಪೈ ಲೆಕ್ಕದಾಗ. ಹೊಸಾ ಪೈಸೆ ಬಂದದ್ದು 1957 ರಾಗ, ಅಂದ್ರ ಅದಕ್ಕೂ ಮೊದಲಿನದು. ಅದರ ಹಿಂದಿನ ಕಾಗದ ಮೋಡಿಯೊಳಗ ಇದ್ವು, ಓದಾವ್ರಿಲ್ಲ. ಬಾಜು ತಾಲೂಕಿನಾಗ ಸಿಟಿ ಸರ್ವೇ ಆಫೀಸಿನಾಗ ನೌಕರಿ ಮಾಡಿ ರಿಟೈರ್ ಆದ ಒಬ್ಬ ಅಜ್ಜಾರು ಅದಾರ ಅಂತ ಪಿಗ್ಮಿಯಾವ್ರು ಹುಡುಕಿ ಕರಕೊಂಡು ಬಂದ್ರು. ಅಜ್ಜಾರು ಭೂತಗನ್ನಡಿ ಹಿಡಕೊಂಡು ಅಗದಿ ಸಮಾಧಾನದಿಂದ ಓದಿದ್ರು: ಅಗಸಿ ಮತ್ತ ಅದರ ಎರಡೂ ಕಟ್ಟಿ ಮ್ಯುನಿಸಿಪಾಲಿಟಿ ತಾಬಾದಾಗ ಐತಿ, ಕಟ್ಟಿ ಮ್ಯಾಲ ಸಂತಿ ದಿನ ಕೂಡೋ ವ್ಯಾಪಾರಸ್ಥರಿಂದ ಬಾಡಿಗಿ ವಸೂಲ ಮಾಡಬೇಕು.

ಅಂದ್ರ ಅಗಸಿ ಯಾರದೂ ಅಲ್ಲದ್ದಲ್ಲ, ಪುರಸಭೆ ಆಸ್ತಿ. ಹಂಗಾದ್ರ ಸಾಮಾನ್ಯ ಸಭೆಯೊಳಗ ಠರಾವು ಆಗದ ನನಗ ಕೆಡವಾಕ ಬರಂಗಿಲ್ಲ ಅಂತ ಮುಖ್ಯಾಧಿಕಾರಿ ಫೈಲಿನ ಮ್ಯಾಲ ಬರದ್ರು. ಪರಂಪರೆ ಬಗ್ಗೆ ಅವ್ರಿಗೆ ಎಷ್ಟು ಆಸಕ್ತಿ ಇತ್ತೋ ಗೊತ್ತಿಲ್ಲ, ಆಡಿಟ್ ಬಗ್ಗೆ ಅಂಜಿಕಿ ಇತ್ತು. ಫೈಲ್ ನಿಂತಿತು. ನಾನು ಬ್ಯಾರೆ ಊರಾವ್ರಿಗೆ ಒತ್ತಿ ಹೇಳೋದು ಇದನ್ನ, ಪುರಸಭೆಯ ಭಾಷಾದಾಗ ಮಾತಾಡಿದ್ರ ಪುರಸಭೆ ಕೇಳ್ತೈತಿ. ಮಾಲಕಿ, ಠರಾವು, ಆಡಿಟ್, ಇವು ಅದರ ಭಾಷಾ. ಭಾಷಣಕ್ಕ ಚಪ್ಪಾಳಿ ಹೊಡದು ಎದ್ದು ಹೋಗ್ತಾರ.

ಸಿಕ್ಕ ವ್ಯಾಳೆದಾಗ ಸಮಿತಿ ಇನ್ನೊಂದು ಶ್ಯಾಣ್ಯಾ ಕೆಲಸ ಮಾಡ್ತು. ಸೀಜನ್ನಿನಾಗ ಅಗಸಿ ಕಡೆ ಹೋಗಿ ನಿಂತು ಜಾಮ್ ಎಲ್ಲಿ ಆಗ್ತೈತಿ ಅಂತ ನೋಡಿದ್ರು. ಟ್ರ್ಯಾಕ್ಟರ್ ಅಗಸಿಯೊಳಗ ಸಿಗಾಕೊಳ್ತಿರ್ಲಿಲ್ಲ, ನಿಧಾನಕ್ಕ ದಾಟತಿತ್ತು, ಮುಂದಿನ ತಿರುವಿನಾಗ ಹಿಂದಿನ ಟ್ರೇಲರ್ ಹೊಳ್ಳತಿರ್ಲಿಲ್ಲ, ಯಾಕಂದ್ರ ಅಲ್ಲಿ ಅಂಗಡಿಯಾವ್ರು ಗಟಾರದ ಮ್ಯಾಲ ಕಟ್ಟಿ ಮುಂದ ತಂದಿದ್ರು. ಅತಿಕ್ರಮಣ ತೆಗದ್ರ ಸಾಕು, ಡಬಲ್ ಟ್ರೇಲರ್ ಎಪಿಎಂಸಿ ರಸ್ತಾಕ್ಕ ಹಾಕಿದ್ರ ಸಾಕು ಅಂತ ಜೆಇನ ಸ್ಕೆಚ್ ಹಾಕಿ ಕೊಟ್ರು. ಫಜೀತಿ ಏನಂದ್ರ ಅದರಾಗ ಒಂದು ಕಟ್ಟಿ ಸಮಿತಿಯ ವ್ಯಾಪಾರಸ್ಥ ಸದಸ್ಯರ ತಮ್ಮಂದು. ಅವ್ರು ಸಿಟ್ಟಾಗಿ ಸಮಿತಿ ಬಿಟ್ಟು ಹೋದ್ರು, ಹಳೇ ಫೋಟೋ ಫ್ರೇಮ್ ಹಾಕ್ಸಾಕ ಕೊಡ್ತೀನಿ ಅಂದಿದ್ದ ರೊಕ್ಕಾನೂ ಹೋತು. ಅಂಗಡಿ ಕಟ್ಟಿ ತೆಗಿಸಿದ್ರು, ಅಗಸಿ ಉಳೀತು.

ಪೂರಾ ಖುಷಿ ಪಡೋ ಹಂಗಿಲ್ಲ. ಉಳಿಸಿದ ಮ್ಯಾಲ ಅದನ್ನ ಚಂದ ಮಾಡ್ತೀವಿ ಅಂತ ಗುತ್ತಿಗೆದಾರರು ಒಂದು ಮಗ್ಗಲಿಗೆ ಸಿಮೆಂಟ್ ಗಿಲಾಯ ಹೊಡದು ಕೇಸರಿ ಆಯಿಲ್ ಪೇಂಟ್ ಬಳದ್ರು. ಸುಣ್ಣದ ಗಾರಿಯೊಳಗ ಕಟ್ಟಿದ ಕಲ್ಲಿನ ಗ್ವಾಡಿಗೆ ಸಿಮೆಂಟ್ ಹಾಕಿದ್ರ ಒಳಗಿನ ತೇವ ಹೊರಗ ಬರಾಕ ದಾರಿ ಇರಂಗಿಲ್ಲ, ಉಪ್ಪು ಎದ್ದು ಕಲ್ಲು ಪದರ ಪದರ ಉದರ್ತಾವ, ಸಂದಿನ ಗಾರಿ ಪುಡಿ ಆಗ್ತೈತಿ. ಸಮಿತಿ ಓಡಿ ಹೋಗಿ ಇನ್ನೊಂದು ಮಗ್ಗಲ ನಿಲ್ಲಿಸ್ತು. ಈಗ ಅಗಸಿ ಅರ್ಧ ಕೇಸರಿ, ಅರ್ಧ ಕಲ್ಲು. ದುರಸ್ತಿ ಹೆಂಗ ಮಾಡಬೇಕು ಅನ್ನೋದನ್ನ ಟೆಂಡರಿನಾಗ ಮೊದಲ ಬರಸಬೇಕಿತ್ತು, ಬರಸಿರ್ಲಿಲ್ಲ.

ವಾಡೆ

ಅಗಸಿ ಸಾರ್ವಜನಿಕದ್ದು, ವಾಡೆ ಖಾಸಗಿ. ಊರ ನಡುವಿನ ದೊಡ್ಡ ವಾಡೆ ಒಂದು ಸಾವಕಾರ ಮನಿತನದ್ದು, ಅಣ್ಣ ತಮ್ಮಂದ್ರ ನಡು ವಾಟ್ನಿ ಆಗಿ, ಕೆಡವಿ ಕಾಂಪ್ಲೆಕ್ಸ್ ಕಟ್ಟಬೇಕು ಅಂತ ಪರವಾನಿಗಿಗೆ ಅರ್ಜಿ ಹಾಕಿದ್ರು. ಕೆಲವು ಸದಸ್ಯರು ತಡೀಬೇಕು, ಪೇಪರಿಗೆ ಕೊಡಬೇಕು ಅಂದ್ರು. ಹಿರಿ ಅಣ್ಣಾರು ಸಮಿತಿ ಮುಂದ ಬಂದು ಒಂದ ಮಾತು ಹೇಳಿದ್ರು, "ಮಳಿಗಾಲಕ್ಕ ಮ್ಯಾಲಮುದ್ದಿ ಸೋರ್ತೈತಿ, ತೊಲಿಗೆ ಗೆದ್ದಲ ಹತ್ಯಾವ, ನಮ್ಮವ್ವ ಬಿದ್ದು ಕಾಲ ಮುರಕೊಂಡಾಳ. ದುರಸ್ತಿ ಖರ್ಚು ನೀವು ಕೊಡ್ತೀರೇನ್ರಿ?" ಪುರಸಭೆ ಕೊಡಾಂಗಿರ್ಲಿಲ್ಲ. ಕೊಡಾಕ ಆಗಲಾರದಾವ್ರು ಬ್ಯಾಡ ಅನ್ನಾಕ ಹೆಂಗ ಬರ್ತೈತಿ?

ಆ ಸಭೆಯೊಳಗ ಜೆಇ ಒಂದು ಸಲಹೆ ಇಟ್ರು, ನನ್ನ ಪ್ರಕಾರ ಇಡೀ ಪ್ರಕರಣದಾಗ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಹಳೇ ಮನಿ ಕೆಡವಿ ಕಟ್ಟಾಕ ಅರ್ಜಿ ಬಂದ್ರ ನಾನು ಅರ್ಜಿಗೆ ಒಂದು ಚೀಟಿ ಹಚ್ಚಿ ನಿಮಗ ಫೋನ್ ಮಾಡ್ತೀನಿ, ಪರವಾನಿಗಿ ಕೊಡೋದ್ರೊಳಗ ನೀವು ಹೋಗಿ ಫೋಟೋ, ನಕ್ಷೆ, ಮಾತು ಎಲ್ಲಾ ಮಾಡಕೊಂಡು ಬರ್ರಿ, ಪರವಾನಿಗಿ ಒಂದು ದಿನಾನೂ ತಡ ಆಗಂಗಿಲ್ಲ. ಕಾಯ್ದೆ ಬ್ಯಾಡ, ಗ್ರೇಡ್ ಬ್ಯಾಡ, ಒಂದು ಚೀಟಿ. ಅದಕ್ಕ ಠರಾವು ಮಾಡಸ್ರಿ ಅಂತ ಲೆಕ್ಚರರು ಅಂದ್ರು, ಸದ್ಯ ಹಿಂಗ ನಡೀಲಿ ಅಂತ ಉಪಾಧ್ಯಕ್ಷರು ಅಂದ್ರು. ಸದ್ಯಕ್ಕ ಅಂದದ್ದು ಹಂಗ ಉಳೀತು.

ವಾಡೆ ಕೆಡವೋಕಿಂತ ಮೊದಲ ಸಮಿತಿ ಒಳಗ ಹೋತು. ಕಾಲೇಜ್ ಹುಡುಗ್ರು ನಕ್ಷೆ ತಗದ್ರು, ಈ ಸಲ ಟೇಪ್ ಹಿಡಿಯಾಕ ಮನಿಯಾವ್ರ ಸಹಾಯ ಮಾಡಿದ್ರು. ಅಟ್ಟದ ಮ್ಯಾಲ ಕಿರ್ದಿ, ಖತಾವಣಿ ಪುಸ್ತಕಗಳ ರಾಶಿ ಸಿಕ್ತು. ನೇಕಾರ್ರಿಗೆ ನೂಲು, ರೇಶ್ಮಿ ಕೊಟ್ಟು ಸೀರಿ, ಖಣ ತೊಗೊಂಡ ಲೆಕ್ಕ, ಯಾರಿಗೆ ಎಷ್ಟು ಮುಂಗಡ, ಯಾರ ಮನಿ ಲಗ್ನಕ್ಕ ಎಷ್ಟು ಸಾಲ. ಇಳಕಲ್ಲ ಸೀರಿ, ಗುಳೇದಗುಡ್ಡ ಖಣದ ಬಗ್ಗೆ ಎಲ್ಲಾರೂ ಹೆಮ್ಮಿಯಿಂದ ಮಾತಾಡ್ತಾರ, ಆ ಸೀರಿ ನೇಯ್ದಾವ್ರು ಎಷ್ಟು ಸಾಲದಾಗ ಕೂತು ನೇಯ್ತಿದ್ರು ಅನ್ನೋದು ಸಾವಕಾರ್ರ ಕಿರ್ದಿಯೊಳಗ ಸಾಲು ಸಾಲಾಗಿ ಐತಿ. ಸಮಿತಿಯ ನೇಕಾರ ಓಣಿ ಅಕ್ಕಾರು ಒಂದು ಪುಟದಾಗ ತಮ್ಮ ಮುತ್ತ್ಯಾನ ಹೆಸರು ಕಂಡ್ರು. ಹೊರಗ ಹೋಗಿ ಸ್ವಲ್ಪ ಹೊತ್ತು ನಿಂತು ಬಂದು "ಇದನ್ನ ಹೊರಗ ಹಾಕೋವಾಗ ಹೆಸರು ಮುಚ್ಚಬೇಕು" ಅಂದ್ರು. ಸಾವಕಾರ ಮನಿಯಾವ್ರೂ ಅದನ್ನ ಬಯಸಿದ್ರು, ಅವ್ರ ಕಾರಣ ಬ್ಯಾರೆ ಇತ್ತು. ಹಂಗಾಗಿ ಸ್ಕ್ಯಾನ್ ಮಾಡಿ ಮೂಲ ಪುಸ್ತಕ ಮನಿಯಾವ್ರಿಗೆ ವಾಪಸ್ ಕೊಟ್ಟು, ಓದಾಕ ಬರಾವ್ರಿಗೆ ಸಾಲಗಾರರ ಹೆಸರು ತೋರಿಸಬಾರ್ದು ಅಂತ ನಿಯಮ ಆತು. ಮ್ಯೂಸಿಯಂಗೆ ಹಂಡೆ ಕೊಡಲಾರದ ಮಂದಿ, ಮನಿಯೊಳಗ ಬಂದು ಸ್ಕ್ಯಾನ್ ಮಾಡಿ ಅಲ್ಲೇ ಬಿಟ್ಟು ಹೋಗ್ತೀವಿ ಅಂದ ಮ್ಯಾಲ ಪೆಟ್ಟಿಗಿ ತೆಗದು ಕೊಟ್ರು.

ವಾಡೆ ಹೋತು. ಈಗ ಅಲ್ಲಿ ಕೆಳಗ ಮೊಬೈಲ್ ಅಂಗಡಿ, ಮ್ಯಾಲ ಫೈನಾನ್ಸ್ ಆಫೀಸು.

ಯಾರ ಇತಿಹಾಸ

ಪಟ್ಟಿ ಅರ್ಧಕ್ಕಿಂತ ಜಾಸ್ತಿ ಆದಾಗ ಅದನ್ನ ಪುರಸಭೆ ಹಾಲಿನಾಗ ಓದಿ ಹೇಳಿದ್ರು. ವಾಡೆ, ಗುಡಿ, ಮಠ, ದರ್ಗಾ, ಬಾವಿ. ಹಿಂದ ಕೂತಿದ್ದ ಒಬ್ಬ ಪೌರಕಾರ್ಮಿಕರು ಎದ್ದು ನಿಂತು, "ನಮ್ಮ ಕೇರಿ ಇದರಾಗ ಎಲ್ಲೈತ್ರಿ?" ಅಂತ ಕೇಳಿದ್ರು. ಇರ್ಲಿಲ್ಲ. ಹಳೇ ಕಟ್ಟಡ ಅಂತ ಪಟ್ಟಿ ಮಾಡಿದ್ರ ಕಲ್ಲಿನ ಮನಿ ಕಟ್ಟಿಸಿದಾವ್ರು ಅಷ್ಟ ಅದರಾಗ ಬರ್ತಾರ, ಮಣ್ಣಿನ ಮನಿ, ಗುಡಿಸಲಾ ಬರಂಗಿಲ್ಲ. ಬಾಗಲಕೋಟಿ ಹೋಳಿ ನಾಡಿಗೆಲ್ಲಾ ಗೊತ್ತು, ಕಿಲ್ಲಾ, ಹಳಪೇಟಿ, ಹೊಸಪೇಟಿ, ಜೈನಪೇಟಿ, ವೆಂಕಟಪೇಟಿ ಅಂತ ಐದು ಪೇಟಿಯ ಬಣ್ಣದ ಬಂಡಿ ಹೊರಡ್ತಾವ, ಹಲಗಿ ಮಜಲು ಬಾರಸ್ತಾರ. ನಮ್ಮ ಈ ಊರಾಗೂ ಹೋಳಿಗೆ ಹಲಗಿ ಬೇಕ ಬೇಕು. ಹಲಗಿ ಬೇಕು, ಹಲಗಿ ಬಾರಿಸೋ ಕೇರಿ ಪಟ್ಟಿಯೊಳಗ ಇಲ್ಲ.

ಅಲ್ಲಿಂದ ಕೆಲಸದ ರೀತಿ ಬದಲಾತು. ಕಟ್ಟಡ ಬಿಟ್ಟು ಮಾತು ರೆಕಾರ್ಡ್ ಮಾಡಾಕ ಶುರು ಮಾಡಿದ್ರು. ಯಾವ ಬಾವಿಯೊಳಗ ಯಾರಿಗೆ ನೀರು ಸೇದಾಕ ಬಿಡತಿರ್ಲಿಲ್ಲ ಅನ್ನೋದು ಹೊರಗ ಬಂತು, ಕೇಳಾಕ ಕಷ್ಟ ಆತು, ಒಬ್ಬ ಸದಸ್ಯರು ಇದನ್ನೆಲ್ಲಾ ಯಾಕ ಕೆದಕೋದು ಅಂದ್ರು. ಉಪಾಧ್ಯಕ್ಷರು ಅವತ್ತು ಗಟ್ಟಿ ನಿಂತ್ರು, ನಡಾವಳಿಯೊಳಗ ಹೇಳಿದಾಂಗ ಬರೀರಿ ಅಂತ ನನಗ ಹೇಳಿದ್ರು, ನಾನು ಬರದೆ.

ಪುನರ್ವಸತಿ ಕೇಂದ್ರದಾಗೂ ಹಂಗ ಮಾಡಿದ್ರು. ಸಮುದಾಯ ಭವನದ ನೆಲದ ಮ್ಯಾಲ ದೊಡ್ಡ ಬಿಳಿ ಬಟ್ಟಿ ಹಾಸಿ, ಮುಳುಗಿದ ಓಣಿ ನಕ್ಷೆ ನೆನಪಿಂದ ಬರೀರಿ ಅಂದ್ರು. ಗಂಡಸ್ರು ಅಂಗಡಿ, ಹೋಟೆಲು, ಕಟ್ಟಿ ಗುರುತು ಮಾಡಿದ್ರು. ಹೆಣ್ಣಮಕ್ಕಳು ಬಂದು ಅದನ್ನ ಅಳಿಸಿ ತಿದ್ದಿದ್ರು, ಹಿತ್ತಲ ಬಾಗಿಲು ಯಾವ ಕಡೆ, ಯಾರ ಮನಿ ಬೀಸೋಕಲ್ಲಿಗೆ ಯಾರು ಬರತಿದ್ರು ಅಂತ. ಎರಡು ಮನಿ ನಡುವಿನ ಸಂದಿ ಯಾರದು ಅಂತ ಅಲ್ಲೂ ಜಗಳ ಆತು, ನೀರಿನಾಗ ಹೋದ ಸಂದಿಗೆ. ಎರಡೂ ಹೇಳಿಕಿ ಬರದು ಇಟ್ರು, ಒಂದು ಸರಿ ಅಂತ ತೀರ್ಮಾನ ಕೊಡ್ಲಿಲ್ಲ. ಇತಿಹಾಸ ಸಮಿತಿ ಪಂಚಾಯ್ತಿ ಮಾಡಾಕ ಕೂಡಬಾರ್ದು ಅನ್ನೋದು ಸರ್ಕಲ್ ಜಗಳದಿಂದಾನ ಅವ್ರಿಗೆ ಗೊತ್ತಾಗಿತ್ತು.

ಈಗೇನು ಸ್ಥಿತಿ

ಪುರಸಭೆ ಅವಧಿ ಮುಗೀತು, ಆಡಳಿತಾಧಿಕಾರಿ ಬಂದ್ರು, ಸಮಿತಿ ತಾನಾಗೆ ಬರಖಾಸ್ತ್ ಆತು. ಸ್ಕ್ಯಾನ್ ಮಾಡಿದ್ದೆಲ್ಲಾ ಪುರಸಭೆ ಕಂಪ್ಯೂಟರಿನಾಗ ಒಂದು, ಕಾಲೇಜ್ ಲೈಬ್ರರಿಯೊಳಗ ಒಂದು, ತಾಲೂಕಾ ಗ್ರಂಥಾಲಯದಾಗ ಒಂದು ಪ್ರತಿ ಇಟ್ಟಾರ. ಮೂರು ಕಡೆ ಇಡಬೇಕು ಅಂತ ಹಟ ಹಿಡದದ್ದು ಲೆಕ್ಚರರು, ಆವಾಗ ಹಾರ್ಡ್‌ಡಿಸ್ಕ್ ಖರ್ಚಿಗೆ ಎಲ್ಲಾರೂ ಗೊಣಗಿದ್ರು. ಪುರಸಭೆಯಾಗಿನ ಕಂಪ್ಯೂಟರಿನ ಪ್ರತಿ ಈಗ ತೆರಿಯಂಗಿಲ್ಲ, ಉಳಿದ ಎರಡು ಚಲೋ ಅದಾವ. ಮೋಡಿ ಓದೋ ಅಜ್ಜಾರ ಕಡೆ ಇಬ್ಬರು ಹುಡುಗಿಯರು ವಾರಕ್ಕೊಮ್ಮೆ ಲಿಪಿ ಕಲಿಯಾಕ ಹೋಗ್ತಾರ, ಒಬ್ಬಾಕಿ ಚಲೋ ಓದ್ತಾಳ, ಇನ್ನೊಬ್ಬಾಕಿಗೆ ಕೆಪಿಎಸ್‌ಸಿ ಪರೀಕ್ಷಾ ಬಂದೈತಿ.

ಚೀಟಿ ಪದ್ಧತಿ ತೊಂದ್ರಿಯೊಳಗ ಐತಿ. ಕಟ್ಟಡ ಪರವಾನಿಗಿ ಆನ್‌ಲೈನ್ ಆದ ಮ್ಯಾಲ ಕಾಗದದ ಅರ್ಜಿನ ಇಲ್ಲ, ಚೀಟಿ ಎಲ್ಲಿ ಹಚ್ಚೋದು? ಸಾಫ್ಟ್‌ವೇರಿನಾಗ ಹಳೇ ಕಟ್ಟಡ ಅಂತ ಕಾಲಂ ಇಲ್ಲ, ಅದನ್ನ ಹಾಕ್ಸೋದು ಒಂದು ಪುರಸಭೆ ಕೈಯಾಗಿನ ಮಾತಲ್ಲ. ಅದೇ ಜೆಇ ಇನ್ನೂ ಅಲ್ಲೇ ಇರೋದ್ರಿಂದ ಸ್ಥಳ ಪರಿಶೀಲನೆಗೆ ಹೋದಾಗ ಹಳೇ ಮನಿ ಕಂಡ್ರ ಮಾಸ್ತರಿಗೆ ಫೋನ್ ಹಚ್ತಾರ, ಮಾಸ್ತರು ಹುಡುಗ್ರನ್ನ ಕರಕೊಂಡು ಹೋಗ್ತಾರ. ಜೆಇ ಟ್ರಾನ್ಸ್‌ಫರ್ ಲಿಸ್ಟಿನಾಗ ಅದಾರ. ಸ್ಥಳ ಪರಿಶೀಲನಾ ವರದಿಯೊಳಗ ಒಂದು ಸಾಲು ಕಡ್ಡಾಯ ಮಾಡ್ರಿ ಅಂತ ಸಮಿತಿಯ ಹಳೇ ಸದಸ್ಯರು ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟಾರ, ಅರ್ಜಿಗೆ ಅಗಸಿ ಠರಾವಿನ ನಕಲು, ವಾಡೆ ನಕ್ಷೆ ಎರಡೂ ಲಗತ್ತು ಮಾಡ್ಯಾರ. ಹೊಸಾ ಸಭೆ ಕೂಡೋದ್ರೊಳಗ ತೀರ್ಮಾನ ಆದ್ರ ಇಲ್ಲೇ ಬರೀತೀನಿ.